ಬೀಗ ಬೀಳುವ ಮುಂಚಿನ ಮಾತು

ಈಚೆಗೆ ನನಗೊಂದು ಹೊಸ ಚಟ ಅಂಟಿಕೊಂಡಿದೆ. ಎಲ್ಲಾದರೂ ಟಿಣ್ ಟಿಣ್ ಎಂದು ಸದ್ದಾದರೆ ನಿಂತುಬಿಡುತ್ತೇನೆ. ಮೈಕ್ರೋವೇವ್ ಕೂಗಿದರೂ ಅಷ್ಟೆ, ಪಕ್ಕದ ಮನೆಯವನ ಯೂಟ್ ಗಾಡಿ ಹಿಂದಕ್ಕೆ ಬರುವಾಗ ಕೂಗಿದರೂ ಅಷ್ಟೆ. ಸಾರಿನ ಪಾತ್ರೆ ಹಿಡಿದುಕೊಂಡು ಅಡಿಗೆಮನೆಯ ನಡುವೆ ಕಂಬದ ಹಾಗೆ ನಿಂತ ನನ್ನನ್ನು ನೋಡಿ ಮಗಳು, "ಅಪ್ಪಾ, ಇಟ್ಸ್ ಜಸ್ಟ್ ದ ಮೈಕ್ರೋವೇವ್" ಎನ್ನುತ್ತಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದು ಮೈಕ್ರೋವೇವ್ ಎಂದು ನನಗೂ ಗೊತ್ತು. ಕಾಲಿಗೆ ಗೊತ್ತಿಲ್ಲ.

ಸಿವಿಲ್ ಎಂಜಿನಿಯರಿಂಗ್ ಓದಿ, ಆಕ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡುವ ಮನುಷ್ಯ ನಾನು. ಯಾವ ಮಣ್ಣು ಎಷ್ಟು ಭಾರ ತಡೆಯುತ್ತದೆ ಎಂದು ಬರೆದು ಸಹಿ ಹಾಕುತ್ತೇನೆ. ನನ್ನ ಕಾಲ ಕೆಳಗಿನ ಮಣ್ಣು ಒಂದು ಬೆಳಿಗ್ಗೆ ಏನೂ ತಡೆಯಲಿಲ್ಲ. ಅದನ್ನು ಹೇಳಬೇಕೆಂದರೆ ಮೊದಲು ನಜೀರನ ವಿಷಯ ಹೇಳಬೇಕು.

ನಜೀರ್ ಹರಿಹರದವನು, ನಾನು ದಾವಣಗೆರೆಯವನು. ಊರಲ್ಲೇ ಇದ್ದಿದ್ದರೆ ನಮಗೆ ಪರಿಚಯವೇ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟಿಗೆ ಜಗಳವಾಡಿ ಅವರವರ ಸ್ಟಾಪಿನಲ್ಲಿ ಇಳಿದು ಹೋಗುತ್ತಿದ್ದೆವು. ಇಲ್ಲಿ, ಆಕ್ಲೆಂಡಿನ ಅಂಚಿನ ತಕಾನಿನಿಯಲ್ಲಿ, ಒಂದು ಡೈರಿಯಲ್ಲಿ ಸಿಕ್ಕ. ಡೈರಿ ಎಂದರೆ ಇಲ್ಲಿನವರ ಮೂಲೆಯಂಗಡಿ. ಬ್ರೆಡ್ಡಿನ ಸಾಲಿನ ಮುಂದೆ ನಿಂತು ಒಬ್ಬ ತನ್ನ ಫೋನಿಗೆ, "ಲೇ ಬೇಕೂಫ, ಕಾಂಗ್ರೆಸ್ ಅಂದ್ರೆ ಏನ್ ಅಂತಾನಾದ್ರೂ ಗೊತ್ತೈತೇನಲೇ ನಿಂಗೆ" ಎಂದು ಅಚ್ಚ ನಮ್ಮ ಸೀಮೆಯ ದನಿಯಲ್ಲಿ ಬೈಯುತ್ತಿದ್ದ. ನಾನು ಹತ್ತಿರ ಹೋಗಿ, "ಯಾವ ಕಾಂಗ್ರೆಸ್ಸು, ನಮ್ದಾ?" ಎಂದೆ. "ಅಲ್ಲಲೇ, ಅಮೆರಿಕದ್ದು" ಎಂದ. ಹೆಸರು ಕೇಳುವ ಮೊದಲೇ 'ಲೇ' ಎಂದವನನ್ನು ಬಿಡುವುದು ಹೇಗೆ? ಅಂದಿನಿಂದ ನಾವು ಸ್ನೇಹಿತರು.

ಅವನು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವನು. ಹೆಂಡತಿ ಶಬಾನಾ ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್. ಅವನು ಫೋನಿನಲ್ಲಿ ಬೈಯುತ್ತಿದ್ದದ್ದು ಒಂದು ಇಂಟರ್ನೆಟ್ ಫೋರಂನವರನ್ನು. ನಾವಿಬ್ಬರೂ ಅದಕ್ಕೆ 'ಕಟ್ಟೆ' ಎನ್ನುತ್ತೇವೆ. ಯಾವ ಫೋನು ಒಳ್ಳೆಯದು, ಯಾರ ಬ್ರಾಡ್‌ಬ್ಯಾಂಡು ಆಮೆ ಎಂದು ಮಾತಾಡಿಕೊಳ್ಳಲು ಈ ದೇಶದ ಒಂದಷ್ಟು ಜನ ಮಾಡಿಕೊಂಡ ಜಾಗ. ಆದರೆ ಅಲ್ಲಿ ಯಾವ ಮಾತು ಎತ್ತಿದರೂ ಮೂರನೆಯ ಉತ್ತರಕ್ಕೆ ಅಮೆರಿಕ ಬಂದು ಕೂರುತ್ತದೆ. ಒಬ್ಬರು, ನಮ್ಮನೆ ವೈಫೈ ಹಿಂದಿನ ಕೋಣೆಗೆ ತಲುಪುವುದಿಲ್ಲ, ಏನು ಮಾಡಲಿ ಎಂದು ಕೇಳಿದರು. ಅಮೆರಿಕದ ಆರೋಗ್ಯ ವಿಮೆಯೂ ಹಾಗೇ, ಮುಂದಿನ ಕೋಣೆಯವರಿಗೆ ಮಾತ್ರ, ಎಂದು ಯಾರೋ ಬರೆದರು. ಸಂಜೆಯ ಹೊತ್ತಿಗೆ ಅದು ಸೆನೆಟ್ ಚುನಾವಣೆಯಾಗಿತ್ತು. ಪಾಪ, ಆ ಹಿಂದಿನ ಕೋಣೆಗೆ ಇವತ್ತಿಗೂ ವೈಫೈ ತಲುಪಿಲ್ಲ.

ಮಡಚುವ ಹೊಸ ಫೋನು ಬಂದಾಗ ನಜೀರ್ ಬರೆದದ್ದು ನನಗೆ ಈಗಲೂ ನಗು ತರಿಸುತ್ತದೆ: "ಅಧ್ಯಕ್ಷರ ಮುಂದೆ ಕಂಪನಿಯ ಯಜಮಾನರೇ ಇಷ್ಟು ಚೆನ್ನಾಗಿ ಸೊಂಟ ಮಡಚುವಾಗ ಫೋನು ಮಡಚಿದ್ದೇನು ದೊಡ್ಡದು?" ಅವನ ಅಡ್ಡಹೆಸರು ಅಲ್ಲಿ ಬೋನ್‌ಸೆಟರ್. ಅವನ ಬದ್ಧವೈರಿ ಟಿಮರು ಎಂಬ ಊರಿನ ಒಬ್ಬ ಮನುಷ್ಯ, ವೆಟ್‌ಸಾಕ್ಸ್ ಎಂಬ ಹೆಸರಿನವನು. ಮೇಲ್ವಿಚಾರಣೆಗೆ ಗಂಬೂಟ್ ಎಂಬ ನಿವೃತ್ತ ಟೆಲಿಫೋನ್ ಎಂಜಿನಿಯರ್. ಇವರಲ್ಲಿ ಒಬ್ಬರೂ ಅಮೆರಿಕದಲ್ಲಿ ಓಟು ಹಾಕುವವರಲ್ಲ. ವೆಟ್‌ಸಾಕ್ಸ್ ಆ ದೇಶ ನೋಡಿದ್ದು ವಿಮಾನ ಬದಲಿಸುವಾಗ, ಗಾಜಿನ ಆಚೆಗೆ. ನಮ್ಮ ಕೌನ್ಸಿಲ್ಲಿನ ಚುನಾವಣೆಯ ಬಗ್ಗೆ ಒಮ್ಮೆ ಯಾರೋ ಮಾತು ತೆಗೆದರು. ಯಾರೂ ಬಾಯಿ ಬಿಡಲಿಲ್ಲ, ಸತ್ತವರ ಮನೆಯಲ್ಲಿ ಊಟದ ವಿಷಯ ತೆಗೆದ ಹಾಗೆ.

ನಾನು ಆಗಲೂ ಹೆಚ್ಚು ಬರೆಯುತ್ತಿರಲಿಲ್ಲ, ಓದುತ್ತಿದ್ದೆ. ನಮ್ಮಪ್ಪನ ಮಗ ನಾನು, ಕೇಳಿಸಿಕೊಳ್ಳುವ ಚಾಳಿ ರಕ್ತದಲ್ಲೇ ಇದೆ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಗೇಟಿನ ಎದುರಿನ ಚಹಾದಂಗಡಿಗೆ ಒಂದೇ ಪತ್ರಿಕೆ ಬರುತ್ತಿತ್ತು. ಅದನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಳ್ಳುತ್ತಿದ್ದರು. ಯಾರಿಗೆ ಯಾವ ಹಾಳೆ ಸಿಕ್ಕಿತೋ ಅವರಿಗೆ ಅಷ್ಟೇ ಜಗತ್ತು. ಅಪ್ಪನಿಗೆ ಯಾವಾಗಲೂ ಪೇಟೆ ಧಾರಣೆಯ ಪುಟ. ಹಾಗಾಗಿ ಅಮೆರಿಕ, ರಷ್ಯಾ, ಯುದ್ಧ, ಶಾಂತಿ ಎಲ್ಲವನ್ನೂ ಅವರು ಹತ್ತಿಯ ಬೆಲೆಯಿಂದ ವಿವರಿಸುತ್ತಿದ್ದರು. ಸಿನಿಮಾ ಪುಟ ಸಿಕ್ಕವನು ಇನ್ನೊಂದು ಥರ ವಿವರಿಸುತ್ತಿದ್ದ. ಮಿರ್ಚಿಯ ಎಣ್ಣೆ ಹತ್ತಿ ಅಮೆರಿಕದ ಅಧ್ಯಕ್ಷರ ಮುಖ ಹಾಳೆಯ ಹಿಂದಕ್ಕೂ ಕಾಣುತ್ತಿತ್ತು. ಅಷ್ಟರಲ್ಲಿ ಗಿರಣಿಯ ಕೂಗು ಆಗುತ್ತಿತ್ತು. ಅರ್ಧ ವಾಕ್ಯ ಬಾಯಲ್ಲೇ ಉಳಿದರೂ ಎಲ್ಲರೂ ಎದ್ದು ಒಳಗೆ ಹೋಗುತ್ತಿದ್ದರು. ನಾನು ಮಂಡಕ್ಕಿ ತಿನ್ನುತ್ತ ಖಾಲಿ ಬೆಂಚು ನೋಡುತ್ತಿದ್ದೆ. ಜಗಳ ಇಲ್ಲೇ ಬೆಂಚಿನ ಮೇಲೆ ಕೂತಿದೆ, ಸಂಜೆ ಬಂದು ಎತ್ತಿಕೊಳ್ಳುತ್ತಾರೆ ಎಂದು ನನ್ನ ನಂಬಿಕೆ. ಸಂಜೆ ಅವರಿಗೆ ಅದರ ನೆನಪೂ ಇರುತ್ತಿರಲಿಲ್ಲ.

ನಮ್ಮ ಕಟ್ಟೆಗೆ ಕೂಗು ಇಲ್ಲ. ಅದರ ಬದಲು ಗಂಬೂಟ್ ಇದ್ದಾನೆ. ಮಾತು ತೀರ ಬಿಸಿಯಾದರೆ ಅವನು, "ನನ್ನ ಚಹಾ ಮುಗಿಯುವವರೆಗೆ ಸಮಯ. ಆಮೇಲೆ ಬೀಗ" ಎಂದು ಬರೆಯುತ್ತಾನೆ. ಬೀಗ ಬಿದ್ದ ಮೇಲೆ ಆ ಚರ್ಚೆಗೆ ಯಾರೂ ಏನೂ ಸೇರಿಸುವಂತಿಲ್ಲ. ಕೊನೆಗೆ ಬರೆದವನ ಮಾತೇ ಶಾಶ್ವತವಾಗಿ ಕೊನೆಯ ಮಾತು. ಗಂಬೂಟ್ ಜಗಳ ನಿಲ್ಲಿಸಲೆಂದು ಮಾಡಿಕೊಂಡ ಈ ಪದ್ಧತಿಯೇ ದೊಡ್ಡ ಆಟವಾಯಿತು. ಅವನು ಚಹಾ ಎಂದನೋ, ಊರೆಲ್ಲ ಓಡಿ ಬರುತ್ತದೆ. ಬೀಗದ ಮುಂಚಿನ ಮಾತು ಸಿಕ್ಕವನನ್ನು ಮರುದಿನ ಎಲ್ಲರೂ ಹೊಗಳುತ್ತಾರೆ. ಅವನು ಚಹಾ ಬೇಗ ಕುಡಿಯುತ್ತಾನೋ ನಿಧಾನವಾಗಿಯೋ ಎಂದು ಲೆಕ್ಕ ಹಾಕುವುದರಲ್ಲಿ ನಜೀರ್ ಪಂಡಿತನಾಗಿದ್ದ. "ಇವತ್ತು ಚಳಿ ಐತಲೇ ಮಂಜ, ಬೇಗ ಕುಡೀತಾನೆ."

ಆ ಬೆಳಿಗ್ಗೆಯೂ ಚಳಿ ಇತ್ತು.

ನಾವಿಬ್ಬರೂ ದಿನವೂ ಜೊತೆಗೇ ಕೆಲಸಕ್ಕೆ ಹೊರಡುತ್ತಿದ್ದೆವು; ನಮ್ಮ ಮನೆಗಳಿರುವ ಕಡೆಯಿಂದ ಸ್ಟೇಷನ್ನಿಗೆ ಹೋಗಲು ರೈಲ್ವೆ ಹಳಿ ದಾಟಬೇಕು. ರಸ್ತೆಗೆ ಅಡ್ಡ ಬೀಳುವ ತೋಳು, ಕೆಂಪು ದೀಪ, ಗಂಟೆ. ನಡೆಯುವವರಿಗೆ ಪಕ್ಕದಲ್ಲಿ ಬೇಲಿ ಕಟ್ಟಿದ ದಾರಿ, ಅದಕ್ಕೊಂದು ಗೇಟು. ರೈಲು ಬರುವಾಗ ಗೇಟು ತಾನೇ ಮುಚ್ಚಿಕೊಳ್ಳುತ್ತದೆ. ಒಳಗೆ ಸಿಕ್ಕಿಕೊಂಡವರು ಹೊರಬರಲಿ ಎಂದು ಪಕ್ಕದಲ್ಲೊಂದು ಚಿಕ್ಕ ಬಾಗಿಲು.

ಹಿಂದಿನ ದಿನ ಅಮೆರಿಕದ ಯಾವನೋ ಕಂಪನಿ ಯಜಮಾನ, ಇನ್ನು ಮುಂದೆ ಎಕ್ಸ್‌ರೇ ವಿಭಾಗಕ್ಕೆ ಮನುಷ್ಯರೇ ಬೇಡ, ಎಲ್ಲ ಯಂತ್ರ ಮಾಡುತ್ತದೆ ಎಂದಿದ್ದ. ಅಲ್ಲಿನ ಸರಕಾರದವರು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದರು. ವೆಟ್‌ಸಾಕ್ಸ್ ಅದನ್ನು ಕಟ್ಟೆಗೆ ತಂದು, "ಬೋನ್‌ಸೆಟರ್, ನಿನ್ನ ಕುರ್ಚಿಗೆ ಯಂತ್ರ ಬಂತು. ಅದಕ್ಕೆ ಅಮೆರಿಕದ ರಾಜಕೀಯ ಗೊತ್ತಿಲ್ಲವಂತೆ, ಅಷ್ಟರಮಟ್ಟಿಗೆ ನಿನಗಿಂತ ವಾಸಿ" ಎಂದು ಬರೆದಿದ್ದ. ನಜೀರ್ ಮನೆಯಿಂದ ಹೊರಟಾಗಲೇ ಅವನ ಬೆರಳು ಫೋನಿನ ಮೇಲೆ ಓಡುತ್ತಿತ್ತು. ದಾರಿಯಲ್ಲಿ ಗಂಬೂಟ್ ಚಹಾ ಎಂದ.

"ಮಂಜ, ಮಾತಾಡ್ಸಬೇಡ ಈಗ. ಅವನು ಕೆಟಲ್ ಇಟ್ಟಾನೆ."

"ನೋಡ್ಕೊಂಡು ನಡಿಯೋ."

"ನೋಡ್ತಾ ಇದೀನಲ್ಲ" ಎಂದ, ಫೋನನ್ನೇ ನೋಡುತ್ತ.

ಗಂಟೆ ಹೊಡೆಯತೊಡಗಿತು. ಗೇಟು ಮುಚ್ಚಿತು. ನಾವಿಬ್ಬರೂ ನಿಂತೆವು. ಈಚೆಯ ಹಳಿಯಲ್ಲಿ ಪಾಪಕುರಾ ಕಡೆಯ ರೈಲು ಸರಿದು ಹೋಯಿತು. ಅದರ ಬಾಲ ಹೋದ ಮೇಲೂ ಗಂಟೆ ನಿಲ್ಲಲಿಲ್ಲ. ಗಂಟೆ ನಿಲ್ಲದಿದ್ದರೆ ಇನ್ನೊಂದು ಬರುತ್ತಿದೆ ಎಂದು ಅರ್ಥ; ಇಲ್ಲಿನ ಮಕ್ಕಳಿಗೂ ಗೊತ್ತಿರುವ ಮಾತು. ನಜೀರನ ಕಿವಿಗೆ ಅದು ಹೋದ ರೈಲಿನದೇ ಉಳಿಕೆ. ತಲೆ ಎತ್ತದೆ ಭುಜದಿಂದ ಆ ಚಿಕ್ಕ ಬಾಗಿಲು ನೂಕಿ ಒಳಗೆ ನಡೆದ. ಮೊದಲ ಹಳಿ ದಾಟಿದ.

ಆಚೆಯ ಹಳಿಯಲ್ಲಿ ಗೂಡ್ಸ್ ಗಾಡಿ ಬರುತ್ತಿತ್ತು.

ನೀವು ನಗಬೇಡಿ. ನಗುವುದಾದರೂ ಸ್ವಲ್ಪ ತಡೆದು ನಗಿ. ನಾನು ಕೂಗಿದ್ದು, "ಬಸ್ಸು! ಬಸ್ಸು!" ಎಂದು. ಚಿಕ್ಕವನಿದ್ದಾಗ ದಾವಣಗೆರೆಯ ರಸ್ತೆಯಲ್ಲಿ ಅಮ್ಮ ನನ್ನ ಹಿಂದೆ ಕೂಗುತ್ತಿದ್ದದ್ದು ಅದು. ಇಷ್ಟು ಓದಿ, ಇಷ್ಟು ದೂರ ಬಂದು, ಸ್ನೇಹಿತನ ಮುಂದೆ ಸಾವು ಬಂದಾಗ ನನ್ನ ಗಂಟಲಿನಲ್ಲಿದ್ದದ್ದು ಅದೊಂದೇ. ಕಾಲು ಅಲುಗಲಿಲ್ಲ. ಚಲಿಸುವ ಭಾರ ನಿಲ್ಲಲು ಎಷ್ಟು ದೂರ ಬೇಕು ಎಂಬ ಸೂತ್ರ ಮಾತ್ರ ತಲೆಯಲ್ಲಿ ಚೊಕ್ಕವಾಗಿ, ಪರೀಕ್ಷೆಯ ಉತ್ತರದ ಹಾಗೆ, ಬಂದು ನಿಂತಿತು.

ಎಂಜಿನ್ನಿನ ಹಾರ್ನು ಎದೆಯೊಳಗೆ ಹೊಕ್ಕಿತು. ಎತ್ತರದ ಗಾಜಿನ ಹಿಂದೆ ಚಾಲಕನ ಬಾಯಿ ತೆರೆದಿತ್ತು. ನಜೀರ್ ಎರಡು ಹಳಿಗಳ ನಡುವೆ, ಎರಡನೆಯದಕ್ಕೆ ಒಂದು ಹೆಜ್ಜೆ ಈಚೆಗೆ, ಇದ್ದಕ್ಕಿದ್ದಂತೆ ನಿಂತ. ರೈಲು ನೋಡಿ ನಿಂತದ್ದಲ್ಲ. ಕೊನೆಯ ಸಾಲು ಬರೆಯಲು ಎರಡೂ ಹೆಬ್ಬೆರಳು ಬೇಕಿತ್ತು, ನಡೆಯುತ್ತ ಆಗಲಿಲ್ಲ, ಅದಕ್ಕೆ ನಿಂತ. ಅವನ ಮೂಗಿನ ಮುಂದೆ ಗಾಡಿ ಹರಿಯಿತು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಕೆಂಪು, ನೀಲಿ, ತುಕ್ಕು. ಶಬಾನಾ ಹೆಣೆದುಕೊಟ್ಟಿದ್ದ ಉಲ್ಲನ್ ಟೋಪಿ ಗಾಳಿಗೆ ಎದ್ದು ಎಲ್ಲಿಗೋ ಹೋಯಿತು. ಅವನ ಕೋಟನ್ನು ಗಾಳಿ ಒಳಕ್ಕೆ, ಗಾಡಿಯ ಕಡೆಗೆ ಎಳೆಯುತ್ತಿತ್ತು. ನಾನು ಬೇಲಿಯ ಕಂಬಿ ಹಿಡಿದುಕೊಂಡು ಅವನ ಬೆನ್ನು ನೋಡುತ್ತಿದ್ದೆ.

ಗಾಡಿ ಮುಗಿಯಿತು. ಗಂಟೆ ನಿಂತಿತು. ಅವನು ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ, ಫೋನು ಕೈಯಲ್ಲೇ ಇತ್ತು. "ಬಿತ್ತಲೇ ಮಂಜ" ಎಂದ. "ಬೀಗ ಬಿತ್ತು. ನಂದೇ ಕೊನೇದು."

ಆಮೇಲೆ ತಲೆಯ ಮೇಲೆ ಕೈಯಾಡಿಸಿ ಟೋಪಿ ಹುಡುಕಿದ.

ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೂ ಅಂಟಿಕೊಂಡು ಕೂತೆವು. ಇಳಿವಯಸ್ಸಿನ ಹೆಂಗಸೊಬ್ಬರು ಬಂದು, ಆರ್ ಯು ಬಾಯ್ಸ್ ಆಲ್‌ರೈಟ್ ಎಂದು ಕೇಳಿದರು. ನಲವತ್ತು ದಾಟಿದ ಇಬ್ಬರು ಬಾಯ್ಸ್ ಹೌದು ಎಂದು ತಲೆಯಾಡಿಸಿದೆವು. ಇನ್ನು ಇವನು ಆ ಫೋನನ್ನು ಎಸೆಯುತ್ತಾನೆ ಎಂದುಕೊಂಡೆ. ನಮ್ಮ ರೈಲು ಹತ್ತಿ ಸ್ವಲ್ಪ ದೂರ ಹೋದ ಮೇಲೆ ನಜೀರ್ ಮೆಲ್ಲಗೆ ಹೇಳಿದ, "ನಿಂತು ಟೈಪ್ ಮಾಡ್ದೆ ನೋಡು, ಅದಕ್ಕೇ ಉಳ್ಕೊಂಡೆ. ನಿಲ್ದೇ ಇದ್ದಿದ್ರೆ ಹೋಗಿದ್ದೆ ಕಣಲೇ. ಕಟ್ಟೆ ಉಳಿಸ್ತು ನನ್ನ."

ನಾನು ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನೇ ಅದನ್ನು ಕಟ್ಟೆಯಲ್ಲಿ ಬರೆದ. ಜನ ಮುಗಿಬಿದ್ದರು. ವೆಟ್‌ಸಾಕ್ಸ್, "ರೈಲು ಕೂಡ ನಿನ್ನ ವಾದದಲ್ಲಿ ಹುರುಳಿಲ್ಲ ಎಂದು ಪಕ್ಕದಲ್ಲೇ ಹೋಯಿತು" ಎಂದ. ಆಮೇಲೆ, "ಬದುಕಿದ್ದೀಯಲ್ಲ, ಒಳ್ಳೆಯದಾಯಿತು, ಮುಠ್ಠಾಳ" ಎಂದೂ ಬರೆದ. ಅದು ನಿಜವಾದ ಪ್ರೀತಿ, ನಾನು ಅಲ್ಲಗಳೆಯುವುದಿಲ್ಲ. ಗಂಬೂಟ್, ಇನ್ನು ಮುಂದೆ ಹಳಿಯ ಮೇಲೆ ನಿಂತು ಬರೆದ ಮಾತು ಲೆಕ್ಕಕ್ಕಿಲ್ಲ ಎಂದು ಹೊಸ ನಿಯಮ ಹಾಕಿದ. ಅಷ್ಟರಲ್ಲಿ ಯಾರೋ ಅಮೆರಿಕದ ರೈಲುಗಳ ದುಃಸ್ಥಿತಿ ನೆನೆದರು. ಅದಕ್ಕೆ ಯಾವ ಪಕ್ಷ ಕಾರಣ ಎಂದು ಇನ್ಯಾರೋ ಕೇಳಿದರು. ಸಂಜೆ ರೈಲಿನಲ್ಲಿ ವಾಪಸ್ ಬರುವಾಗ ನಜೀರ್ ಆ ಪಕ್ಷದ ಪರವಾಗಿ ಬರೆಯುತ್ತಿದ್ದ. ತನ್ನ ಸಾವಿನ ಮೇಲಿನ ಚರ್ಚೆಯಲ್ಲಿ ತಾನೇ, ಅಮೆರಿಕದ ಬಜೆಟ್ಟಿಗಾಗಿ, ಜಗಳವಾಡುತ್ತಿದ್ದ. ನಾನು ಕಿಟಕಿಯಾಚೆ ನೋಡಿದೆ. ಗಾಜಿನಲ್ಲೂ ಅವನ ಹೆಬ್ಬೆರಳು ಕಾಣುತ್ತಿತ್ತು.

ಮನೆಯಲ್ಲಿ ಅವನು ಏನೂ ಹೇಳಿರಲಿಲ್ಲ. ಭಾನುವಾರ ಅವರ ಮನೆಗೆ ಹೋದಾಗ ಶಬಾನಾ ಮಿರ್ಚಿ ಕರಿಯುತ್ತಿದ್ದಳು, ನಜೀರ್ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ.

"ಮಂಜಣ್ಣ, ಇವರ ಟೋಪಿ ಎಲ್ಲಿ ಬಿತ್ತು? ಗಾಳೀಗೆ ಹೋಯ್ತು ಅಂತಾರೆ. ಎರಡು ಚಳಿಗಾಲ ಕೂತು ಹೆಣೆದಿದ್ದೆ."

"ಗಾಳೀಗೇ ಹೋಯ್ತಮ್ಮ" ಎಂದೆ. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಎಣ್ಣೆಯಲ್ಲಿ ಮಿರ್ಚಿ ಸದ್ದು ಮಾಡಿತು, ನನ್ನ ಕೈ ನಡುಗಿ ಚಹಾ ಚೆಲ್ಲಿತು, ಅವಳು ಅದನ್ನು ನೋಡಿದಳು. ದಿನವೂ ನಡುಗುವ ಕೈಗಳನ್ನು ನೋಡುವವಳು. ಹೇಳಿಬಿಟ್ಟೆ.

ಅವಳು ಒಲೆ ಆರಿಸಿದಳು. "ರೈಲಿಗೆ ಸಿಕ್ಕೋರು ನಮ್ಮ ವಾರ್ಡಿಗೆ ಬರಲ್ಲಣ್ಣ" ಎಂದಳು. "ಅಲ್ಲಿಗೆ ತರೋ ಹಾಗೆ ಏನೂ ಉಳಿದಿರಲ್ಲ."

ಹೊರಗೆ ಹುಲ್ಲು ಕತ್ತರಿಸುವ ಯಂತ್ರ ಗುರುಗುಟ್ಟುತ್ತಲೇ ಇತ್ತು. ಅವಳು ಕಿಟಕಿಯಿಂದ ಅವನನ್ನೇ ನೋಡುತ್ತಿದ್ದಳು. ಅವನು ಒಂದು ಕೈಯಲ್ಲಿ ಯಂತ್ರ ನೂಕುತ್ತಿದ್ದ.

ಅವರ ಮನೆಯಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಸೋಮವಾರ ಅವನು ಫೋನನ್ನು ಬ್ಯಾಗಿನ ಒಳಗೆ ಹಾಕಿಕೊಂಡು ಬಂದ. ಇನ್ನು ದಾರಿಯಲ್ಲಿ ಮುಟ್ಟುವುದಿಲ್ಲ ಎಂದು ಶಬಾನಾಗೆ ಮಾತು ಕೊಟ್ಟಿದ್ದನಂತೆ. ನಾನು ಗೆದ್ದೆ ಎಂದುಕೊಂಡೆ. ಆ ವಾರವೆಲ್ಲ ನಾವು ಪಕ್ಕ ಪಕ್ಕ ನಡೆದೆವು.

"ಚಳಿ ಐತೆ."

"ಹೌದು."

"ಆ ಹೊಸ ಮನೆಗಳು ಬೇಗ ಎದ್ವು."

"ಎದ್ವು."

ಅಷ್ಟೆ. ಇಷ್ಟು ವರ್ಷದ ಸ್ನೇಹದಲ್ಲಿ ಕಟ್ಟೆಯನ್ನು ತೆಗೆದರೆ ನಮ್ಮಿಬ್ಬರ ನಡುವೆ ಹವಾಮಾನ ಮಾತ್ರ ಉಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಗಿಸುತ್ತಿದ್ದ ನಜೀರ್, ಬೈಯುತ್ತಿದ್ದ ನಜೀರ್, ಅವನೆಲ್ಲ ಆ ಬ್ಯಾಗಿನೊಳಗೆ ಇದ್ದ. ನನ್ನ ಪಕ್ಕದಲ್ಲಿ ನಡೆಯುತ್ತಿದ್ದವನು ಎಕ್ಸ್‌ರೇಯಲ್ಲಿ ಕಾಣುವಂಥ ಮನುಷ್ಯ. ನಾನೇ ಒಂದು ದಿನ ತಡೆಯಲಾರದೆ, "ಅಧ್ಯಕ್ಷರು ಏನೋ ಅಂದ್ರಂತಲ್ಲ" ಎಂದೆ. ಅವನು ತಿರುಗಿ ನೋಡಿದ ನೋಟವಿದೆಯಲ್ಲ, ಉಪವಾಸ ಇದ್ದವನ ಮುಂದೆ ತಟ್ಟೆ ಸರಿಸಿ ಹಿಂದಕ್ಕೆಳೆದ ಹಾಗೆ. ಮುಂದಿನ ವಾರ ಫೋನು ಕೈಗೆ ಬಂತು. ಮೊದಲು ಪ್ಲಾಟ್‌ಫಾರಂನಲ್ಲಿ, ಆಮೇಲೆ ರಸ್ತೆಯಲ್ಲಿ.

ಆಗಿನಿಂದ ನಾನು ಹಳಿ ಹತ್ತಿರ ಬಂದ ಕೂಡಲೇ ಅವನ ಬ್ಯಾಗಿನ ಪಟ್ಟಿ ಹಿಡಿದುಕೊಳ್ಳತೊಡಗಿದೆ. ಗಂಟೆ ಹೊಡೆಯಲಿ, ಬಿಡಲಿ. ಶಾಲೆಗೆ ಹೋಗುವ ಹುಡುಗಿಯರು ನೋಡಿ ಕಿಸಕ್ಕೆಂದರು. ಒಂದು ದಿನ ಅವನು ಕೊಸರಿ ಬಿಡಿಸಿಕೊಂಡ.

"ನಾನೇನ್ ಎಲ್‌ಕೆಜಿ ಹುಡುಗಾನಾ? ಬಿಡಲೇ ಸಾಕು."

"ಶಬಾನಾಗೆ ಮಾತು ಕೊಟ್ಟಿದ್ದೆಯಲ್ಲೋ."

"ನನ್ನ ಮನೇಲಿ ಕಡ್ಡಿ ಗೀರಿದವನು ನೀನೇ ಅಲ್ವಾ? ದೊಡ್ಡ ಕಾವಲುಗಾರ ಬಂದ. ಆವತ್ತು ಏನ್ ಕಿತ್ತೆ ನೀನು? ಬಸ್ಸು ಅಂತ ಕೂಗ್ದೆ. ಟ್ರೈನ್ ಬಂದ್ರೆ ಬಸ್ಸು ಅಂತೀಯ, ನೀನು ನನ್ನ ಕಾಯ್ತೀಯ?"

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಬೆಳಗು ನನ್ನೊಳಗೆ ಇನ್ನೂ ನಡೆಯುತ್ತಲೇ ಇದೆ. ಅಲ್ಲಿ ಕೆಲವು ಸಲ ಅವನು ನಿಲ್ಲುವುದಿಲ್ಲ. ಕೆಲವು ಸಲ ಹೆಬ್ಬೆರಳು ಒಂದೇ ಸಾಕಾಗುತ್ತದೆ. ನಾನು ಮಾತ್ರ ಪ್ರತಿ ಸಲವೂ ಕಂಬಿ ಹಿಡಿದು ನಿಂತಿರುತ್ತೇನೆ, ಪ್ರತಿ ಸಲವೂ ಬಸ್ಸು ಎನ್ನುತ್ತೇನೆ.

ಈಗ ನಜೀರ್ ನನ್ನ ಜೊತೆ ಬರುವುದಿಲ್ಲ. ಸ್ವಲ್ಪ ಆಚೆ ಇನ್ನೊಂದು ಕ್ರಾಸಿಂಗ್ ಇದೆ, ಅಲ್ಲಿ ದಾಟುತ್ತಾನೆ. ನನ್ನದಕ್ಕಿಂತ ಮುಂಚಿನ ರೈಲು ಹಿಡಿಯುತ್ತಾನೆ. ಶಬಾನಾ ಬೆಳಗಿನ ಪಾಳಿಗೆ ಅವನಿಗಿಂತ ಮೊದಲೇ ಹೋಗಿರುತ್ತಾಳೆ. "ಅಣ್ಣಾ, ಜೊತೇಲೇ ಹೋಗ್ತೀರಲ್ಲ?" ಎಂದು ಮೊನ್ನೆ ಮೆಸೇಜ್ ಮಾಡಿದ್ದಳು. ಏನು ಬರೆಯುವುದೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ. ನಾನು ಫೋನು ಮಾಡಿದರೆ ಅವನು ಎತ್ತುವುದಿಲ್ಲ. ದಾಟುವ ಹೊತ್ತಿನಲ್ಲಿ ಮಾಡಿ ಎತ್ತಿಸುವ ಧೈರ್ಯ ನನಗೂ ಇಲ್ಲ.

ಅದಕ್ಕೇ ಬೆಳಿಗ್ಗೆ ಅವನ ರೈಲು ಹೊರಟಿರಬಹುದು ಎಂದು ಅಂದಾಜು ಮಾಡಿಕೊಂಡು ಕಟ್ಟೆ ತೆರೆಯುತ್ತೇನೆ. ಸುದ್ದಿ ಓದುವುದಿಲ್ಲ. ಯಾವ ಕಂಪನಿ ಏನು ಮಾಡಿತು, ಅಮೆರಿಕದಲ್ಲಿ ಯಾರು ಯಾರನ್ನು ತೆಗೆದುಹಾಕಿದರು, ನನಗೆ ಬೇಕಿಲ್ಲ. ಬೋನ್‌ಸೆಟರ್ ಎಂಬ ಹೆಸರು ಹುಡುಕುತ್ತೇನೆ. ಇಲ್ಲದಿದ್ದರೆ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಇರುತ್ತದೆ. ಇವತ್ತು ತುಂಬ ತಡವಾಯಿತು. ಕೊನೆಗೆ ಬಂತು: ವೆಟ್‌ಸಾಕ್ಸ್‌ಗೆ ಉತ್ತರ, ಮೊದಲ ಪದವೇ ಬೈಗುಳ. ಮುಂದಿನ ಸಾಲುಗಳು ಅರ್ಥವಾಗಲಿಲ್ಲ, ಆದರೂ ಎರಡು ಸಲ ಓದಿದೆ. ಅವನು ಯಾರನ್ನೋ ಬೈಯುತ್ತಿದ್ದಾನೆ, ಅಂದರೆ ದಾಟಿದ್ದಾನೆ. ಕೂತು ರೊಟ್ಟಿ ತಿಂದೆ.

ಸಂಜೆ ಅವನು ವಾಪಸ್ ಬರಬೇಕು.